ಬಸವನ ಮಡುವಿಗೆ ಇಳಿಸಿದ ಕ್ಯಾಮೆರಾ

ಹೋದ ವಾರ ತಾಂಡ್ಯದ ಫ್ಯಾಕ್ಟರಿಯಲ್ಲಿ ನನ್ನ ಪಕ್ಕದ ಮೇಜಿನ ರತ್ನ ಊಟದ ಹೊತ್ತಿಗೆ ಬಂದು, "ನಿನ್ನ ನೀರಿನ ಕ್ಯಾಮೆರಾ ಕೊಡ್ತೀಯೇನೆ? ಮುರುಡೇಶ್ವರಕ್ಕೆ ಹೋಗ್ತಿದೀವಿ. ಸಮುದ್ರದೊಳಗೆ ಮುಳುಗಿಸಿ ಮೀನು ತೋರಿಸ್ತಾರಂತೆ" ಅಂದಳು. ಆಮೇಲೆ ನೆನಪು ಮಾಡಿಕೊಂಡು, "ಅದರ ಜೊತೆ ಬಣ್ಣಬಣ್ಣದ ಗಾಜು ಇದ್ವಲ್ಲ, ಯಾವುದು ಹಾಕ್ಕೋಬೇಕು ಅಂತಾನೂ ಹೇಳು" ಅಂದಳು.

ಸಂಜೆ ದೇವನೂರಿಗೆ ಬಂದು ಬೀರುವಿನ ಮೇಲಿಂದ ಡಬ್ಬಿ ಇಳಿಸಿದೆ. ಕ್ಯಾಮೆರಾ ಅಂದರೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಬೈಕಿನ ಹುಡುಗರು ಹೆಲ್ಮೆಟ್ಟಿಗೆ ಸಿಕ್ಕಿಸಿಕೊಳ್ಳುವಂಥದು. ಅದಕ್ಕೆ ನೀರು ಹೋಗದ ಒಂದು ಪ್ಲಾಸ್ಟಿಕ್ ಗೂಡು. ಗೂಡಿನ ಕೊಂಡಿ ಬಿಚ್ಚಿದ ಕೂಡಲೇ ಒಳಗಿಂದ ವಾಸನೆ ಬಂತು: ಪಾಚಿ, ಒದ್ದೆ ತೆಂಗಿನ ನಾರು, ಅದರ ಹಿಂದೆ ಸಣ್ಣಗೆ ಟೂತ್‌ಪೇಸ್ಟು. ಎರಡು ವರ್ಷ ಮುಚ್ಚಿಟ್ಟರೂ ಹೊಳೆ ಒಳಗೇ ಕೂತಿತ್ತು. ನಾನು ಅಡುಗೆಮನೆಯ ಬಾಗಿಲಲ್ಲಿ ಆ ಗೂಡನ್ನು ಮೂಗಿಗೆ ಹಿಡಿದು ನಿಂತದ್ದು ನೋಡಿ ಅಮ್ಮ, "ಹೆಮ್ಮಿಗೆ ನೆನಪಾಯ್ತಾ?" ಅಂದಳು.

ಹೆಮ್ಮಿಗೆ ಅಮ್ಮನ ತವರು, ತಿ. ನರಸೀಪುರದ ಕಡೆ, ಕಾವೇರಿ ದಂಡೆಯಲ್ಲಿದೆ. ಅಲ್ಲಿ ನನ್ನ ಸೋದರಮಾವ ಮಾದಯ್ಯ ಇದ್ದಾನೆ. ಗದ್ದೆ ಕೆಲಸದ ಜೊತೆಗೆ ಅವನಿಗೆ ಇನ್ನೊಂದು ಕೆಲಸವಿತ್ತು, ಮುಳುಗುವುದು. ಹೊಳೆಗೆ ಪಂಪಿನ ಮೋಟರು ಜಾರಿದರೆ, ಬಟ್ಟೆ ಒಗೆಯುವವರ ಓಲೆ ಬಿದ್ದರೆ, ಮನುಷ್ಯರೇ ಬಿದ್ದರೆ ಜನ ಹುಡುಕಿಕೊಂಡು ಬರುತ್ತಿದ್ದದ್ದು ಅವನನ್ನು. ಅವನ ಅಪ್ಪನೂ ತಾತನೂ ಮಾಡಿದ ಕೆಲಸ ಅದು. ಊರ ಕೆಳಗೆ ಹೊಳೆ ತಿರುಗುವ ಕಡೆ ಎರಡಾಳು ಆಳದ ಒಂದು ಮಡು ಇದೆ. ಹೆಸರು ಬಸವನ ಮಡು. ಅದರ ತಳದಲ್ಲಿ ಒಂದು ಕಲ್ಲಿನ ಬಸವ ಮಲಗಿದೆ ಅಂತ ಮಾವನ ಮನೆಯವರ ಮಾತು. ಮುಳುಗಿದವರು ಮೊದಲು ಎಡಗೈಯನ್ನು ಅದರ ಹಿಣಿಲ ಮೇಲೆ, ಅಂದರೆ ಎತ್ತಿನ ಭುಜದ ಮೇಲಿರುವ ಉಬ್ಬಿನ ಮೇಲೆ ಇಡಬೇಕು. ಅದು ನಮಸ್ಕಾರವೂ ಹೌದು, ದಿಕ್ಕು ತಿಳಿಯುವ ಉಪಾಯವೂ ಹೌದು. ಬಸವನ ತಲೆ ಮೇಲ್ಹೊಳೆ ಕಡೆಗೆ, ಬಾಲ ಕೆಳಹೊಳೆ ಕಡೆಗೆ. ಬೆನ್ನು ಸವರಿಕೊಂಡು ಬಾಲಕ್ಕೆ ಹೋದರೆ ಅಲ್ಲಿಂದ ಬಲಕ್ಕೆ ಬರೀ ಮರಳು, ಎಡಕ್ಕೆ ಬಂಡೆಯ ಸಂದು. ಹೊಳೆಗೆ ಬಿದ್ದದ್ದೆಲ್ಲ ಕೊನೆಗೆ ಸೇರುವುದು ಆ ಸಂದಿಗೇ.

ಆ ಬಸವನನ್ನು ಯಾರೂ ಕಣ್ಣಲ್ಲಿ ಕಂಡಿರಲಿಲ್ಲ. ಮಾವನೂ ಕಂಡಿರಲಿಲ್ಲ.

"ಒಳಗೆ ಕಣ್ಣು ಬಿಟ್ರೆ ಮಣ್ಣು ಓಯ್ತದೆ ಕಣವ್ವ. ಬಿಟ್ರೂ ಏನ್ ಕಾಣ್ತದೆ, ಅಸ್ರು. ನಾನು ಮುಚ್ಕಂಡೇ ಓಗದು" ಅನ್ನುತ್ತಿದ್ದ. ಮೂವತ್ತು ವರ್ಷ ಮುಟ್ಟಿದ್ದರ ಮುಖ ಅವನಿಗೆ ಗೊತ್ತಿರಲಿಲ್ಲ.

ನಾನು ಈ ಕ್ಯಾಮೆರಾ ಕೊಂಡ ವರ್ಷದ ಮಳೆಗಾಲದಲ್ಲಿ ಮಾವನ ಕಿವಿ ಕೆಟ್ಟಿತು. ಪರದೆ ಹರಿದಿದೆ, ಇನ್ನು ತಲೆಯನ್ನು ನೀರಿಗೆ ಹಾಕಲೇಬಾರದು ಅಂತ ಮೈಸೂರಿನ ಡಾಕ್ಟರು ಹೇಳಿ ಕಳಿಸಿದರು. ದೀಪಾವಳಿ ಕಳೆದ ಮೇಲೆ ಇನ್ನೊಂದು ಸುದ್ದಿ ಬಂತು. ಸುತ್ತಲ ಊರುಗಳಿಗೆ ಕುಡಿಯುವ ನೀರು ಎತ್ತಲು ಹೊಳೆಯೊಳಗೇ ಬಾವಿಯಂಥ ಜಾಕ್‌ವೆಲ್ ಕಟ್ಟುತ್ತಾರಂತೆ. ಗುರುತು ಮಾಡಿದ ಜಾಗ ಬಸವನ ಮಡು. ಫೆಬ್ರವರಿಯಲ್ಲಿ ಕಲ್ಲು ಸುರಿದು ಕಾಂಕ್ರೀಟು ಹಾಕುತ್ತಾರೆ.

ನಾನು ನೋಡಲು ಹೋದಾಗ ಮಾವ ಎರಡೂ ಕಿವಿಗೆ ಹತ್ತಿ ಇಟ್ಟುಕೊಂಡು ಜಗುಲಿಯ ಮೇಲೆ ಕೂತಿದ್ದ. ಜೋರಾಗಿ ಕೇಳಿದೆ: "ಬೇರೆ ಕಡೆ ಕಟ್ಟಿ ಅಂತ ಅರ್ಜಿ ಕೊಡೋಣ್ವಾ ಮಾವ?"

"ಬ್ಯಾಡ ಬ್ಯಾಡ. ಜನ ಕುಡಿಯೋ ನೀರಿಗೆ ತಾನೆ? ಬಸವನೂ ಬ್ಯಾಡ ಅನ್ನಲ್ಲ." ಕಿವಿಯ ಹತ್ತಿ ಒತ್ತಿಕೊಂಡು ಅಂದ: "ಮುಚ್ಚಕ್ ಮುಂಚೆ ಒಂದ್ಸಲ ಅವನ ಮಕ ನೋಡ್ಬೇಕು ಕಣವ್ವ. ಅಷ್ಟೇಯ. ಅದೇನೋ ನೀರೊಳಗೆ ಫೋಟೋ ಇಡಿಯೋ ಮಿಸಿನ್ನು ಬಂದದಂತಲ್ಲ?"

ಆ ವರ್ಷದ ಬೋನಸ್ಸಿನಲ್ಲಿ ನಾನು ನಂಜನಗೂಡಿನ ಮೊಬೈಲ್ ಅಂಗಡಿಯಿಂದ ಈ ಕ್ಯಾಮೆರಾ ತಂದೆ, ಯಾರೋ ಬಳಸಿ ಬಿಟ್ಟದ್ದು. ಜೊತೆಗೆ ಗೂಡು, ಅದರ ಮುಂದೆ ಸಿಕ್ಕಿಸುವ ಎರಡು ಬಣ್ಣದ ಗಾಜು. ಒಂದು ಕೆಂಪು. ಇನ್ನೊಂದು ನಾವು ದಾರದ ಫ್ಯಾಕ್ಟರಿಯಲ್ಲಿ ರಾಣಿ ಬಣ್ಣ ಅನ್ನುವ ಗಾಢ ಗುಲಾಬಿ. ನನ್ನ ಕೆಲಸವೇ ಬಣ್ಣ ನೋಡುವುದು. ಬಣ್ಣ ಹಾಕಿ ಬಂದ ದಾರದ ಉಂಡೆಯನ್ನು ದೀಪದ ಪೆಟ್ಟಿಗೆಯೊಳಗಿಟ್ಟು ಶೇಡ್ ಕಾರ್ಡಿನ ಮಾದರಿಗೆ ಹೊಂದುತ್ತದೋ ಇಲ್ಲವೋ ಹೇಳಬೇಕು. ಹಗಲು ಬೆಳಕಿನಲ್ಲಿ ಒಂದೇ ಥರ ಕಂಡ ಎರಡು ಮರೂನು ಅಂಗಡಿಯ ದೀಪದಡಿ ಬೇರೆಬೇರೆಯಾಗಿ ಕಂಡು ಪೂರ್ತಿ ಲಾಟು ವಾಪಸು ಬಂದದ್ದನ್ನು ನೋಡಿದ್ದೇನೆ. ಬಣ್ಣ ವಸ್ತುವಿನಲ್ಲಿ ಎಷ್ಟಿದೆಯೋ ಬೆಳಕಿನಲ್ಲೂ ಅಷ್ಟೇ ಇದೆ ಅನ್ನುವುದು ನನಗೆ ಹೊಸದಲ್ಲ. ಆದರೆ ನೀರೊಳಗಿನ ಬೆಳಕು ಹೊಸದು. ಮೊದಲ ವಾರ ನನಗೆ ಬಸವನಿಗಿಂತ ಆ ಬೆಳಕಿನ ಮೇಲೇ ಆಸೆ ಹೆಚ್ಚಾಯಿತು.

ಅಪ್ಪ ಮಾತ್ರ ಒಂದು ಪ್ರಶ್ನೆ ಕೇಳಿದ. ನಮ್ಮ ಮನೆಯ ಗೋಡೆಯಲ್ಲಿ ಬುದ್ಧನ ಪಟ ಬಿಟ್ಟರೆ ಬೇರೆ ಇಲ್ಲ. ಅಪ್ಪ ಹರಕೆ ಪೂಜೆ ಒಪ್ಪುವವನಲ್ಲ, ಹಾಗಂತ ಮಾವನ ಬಸವನನ್ನು ಯಾವತ್ತೂ ಆಡಿಕೊಂಡವನೂ ಅಲ್ಲ. ನಾನು ಗೂಡಿನ ರಬ್ಬರಿಗೆ ಎಣ್ಣೆ ಸವರುವುದನ್ನು ನೋಡುತ್ತ, "ಅದು ಬರೀ ಕಲ್ಲಾಗಿದ್ರೆ ನಿಮ್ಮಾವನಿಗೆ ಏನಂತ ಹೇಳ್ತೀಯ?" ಅಂದ.

"ಇರೋದು ಹೇಳ್ತೀನಿ."

"ಹೇಳೋದು ಸುಲಭ ಕಣವ್ವ. ಅವನು ಆಮೇಲೆ ಎಲ್ಲಿ ಕೈ ಇಡ್ತಾನೆ ಅಂತ ಯೋಚನೆ ಮಾಡು."

ಅವತ್ತು ಯೋಚನೆ ಮಾಡಲಿಲ್ಲ.

ಮೊದಲ ಪರೀಕ್ಷೆ ನಂಜನಗೂಡಿನಲ್ಲೇ ಆಯಿತು. ಡಿಸೆಂಬರ್ ಮೊದಲ ಶನಿವಾರ, ಶಿಫ್ಟು ಮುಗಿದ ಮೇಲೆ, ಕಪಿಲೆಯ ಸ್ನಾನಘಟ್ಟದ ಮೆಟ್ಟಿಲಲ್ಲಿ. ಇಂಟರ್‌ನೆಟ್ಟಿನಲ್ಲಿ ನೋಡಿದ ವಿಡಿಯೋಗಳಲ್ಲೆಲ್ಲ ಒಂದೇ ಮಾತು: ನೀರಿಗಿಳಿದರೆ ಕೆಂಪು ಫಿಲ್ಟರ್. ಹಾಗಾಗಿ ಕೆಂಪು ಗಾಜು ಸಿಕ್ಕಿಸಿ, ಮಿಕ್ಕ ಸೆಟ್ಟಿಂಗನ್ನೆಲ್ಲ ಕ್ಯಾಮೆರಾದ ಇಷ್ಟಕ್ಕೇ ಬಿಟ್ಟು, ಹಗ್ಗ ಕಟ್ಟಿ ಇಳಿಸಿದೆ. ಮಿಂದು ಪಂಚೆ ಹಿಂಡುತ್ತಿದ್ದ ಯಜಮಾನರೊಬ್ಬರು ಹತ್ತಿರ ಬಂದರು.

"ಗಾಳ ಹಾಕಿದೀಯಾ ಮಗಾ?"

"ಇಲ್ಲ, ಕ್ಯಾಮೆರಾ."

"ಮೊಸಳೆ ಫೋಟೋ ಬೇಕಾದ್ರೆ ಅಂಗಲ್ಲ ಕಣವ್ವ. ನೀನೇ ಕಾಲು ಇಳಿಬಿಟ್ಟು ಕೂತ್ಕೋ, ಅದೇ ಬತ್ತದೆ."

ಮೊಸಳೆ ಬರಲಿಲ್ಲ. ಮೊಬೈಲಿಗೆ ಹಾಕಿಕೊಂಡು ನೋಡಿದರೆ ವಿಡಿಯೋ ಪೂರ್ತಿ ಹುಣಸೆ ರಸ. ಮೆಟ್ಟಿಲು ಹುಣಸೆ, ಮೀನಿನ ಮರಿ ಹುಣಸೆ. ನೀಲಿ ಸಮುದ್ರದಲ್ಲಿ ಚಂದ ಕಂಡ ಗಾಜು ನಮ್ಮ ಹೊಳೆಯಲ್ಲಿ ಯಾಕೆ ಹೀಗಾಯಿತು? ನಂಜನಗೂಡಿನಿಂದ ದೇವನೂರಿನವರೆಗೂ ಬಸ್ಸಿನಲ್ಲಿ ಇದೇ ಯೋಚನೆ. ಇಳಿಯಬೇಕಾದ ಕಡೆ ಕಂಡಕ್ಟರ್ ಕೂಗಿ ಎಬ್ಬಿಸಿದ.

ಮಾರನೆಯ ಭಾನುವಾರ ಹೆಮ್ಮಿಗೆಗೆ ಒಂದು ಸಾಧನ ತಗೊಂಡು ಹೋದೆ. ಉದ್ದನೆಯ ಬಿದಿರುಗಳುವಿನ ತುದಿಗೆ ಅಡ್ಡಪಟ್ಟಿ, ಅದರ ಮೇಲೆ ಫ್ಯಾಕ್ಟರಿಯ ಮಾದರಿ ದಾರಗಳು ಸಾಲಾಗಿ: ಬಿಳಿ, ಕೆಂಪು, ಹಳದಿ, ಹಸಿರು, ನೀಲಿ. ಎದುರಿಗೆ ಕ್ಯಾಮೆರಾ. ಇದರ ಜೊತೆಗೆ ಒಂದು ರಸಬಾಳೆ ಹಣ್ಣನ್ನೂ ಕಟ್ಟಿದೆ. ದಾರದ ಹಳದಿ ನನಗೆ ಮಾತ್ರ ಗೊತ್ತು, ರಸಬಾಳೆಯ ಹಳದಿ ಎಲ್ಲರಿಗೂ ಗೊತ್ತು. ಸರಿಯಾಗಿ ಬಂದಿದೆಯಾ ಅಂತ ಯಾರನ್ನಾದರೂ ಕೇಳಬಹುದು ಅನ್ನುವುದು ನನ್ನ ಲೆಕ್ಕ. ಅತ್ತೆ ಕೊಡ ಹೊತ್ತು ದಡಕ್ಕೆ ಬಂದವಳು ನಿಂತು ನೋಡಿದಳು.

"ಇದೇನೇ ಚೈತ್ರ, ಮೀನಿಗೆ ಬಾಳೆಅಣ್ಣು ತಿನ್ನಿಸ್ತಿದೀಯ? ಮಕ್ಳಿಗೆ ಕೊಟ್ಟಿದ್ರೆ ಪುಣ್ಯ ಬರ್ತಿತ್ತು."

"ಬಣ್ಣ ನೋಡ್ತಿದೀನಿ ಅತ್ತೆ."

"ಬಣ್ಣ ನೋಡಕ್ಕೆ ನೀರೊಳಗೆ ಇಡಬೇಕಾ? ನಿನ್ನ ಫ್ಯಾಕ್ಟ್ರಿಯೋರು ಸಂಬಳ ಕೊಡೋದು ಇದ್ಕೇನಾ?"

ಗಳುವನ್ನು ಒಂದೊಂದು ಅಡಿ ಇಳಿಸುತ್ತ ಚಿತ್ರ ಹಿಡಿದೆ. ಮೊಬೈಲಿನಲ್ಲಿ ಒಂದಾದ ಮೇಲೊಂದು ನೋಡಿದಾಗ ಮೈ ಜುಮ್ಮೆಂದಿತು. ನೀರು ಬಣ್ಣಗಳನ್ನು ಒಟ್ಟಿಗೆ ನುಂಗುವುದಿಲ್ಲ, ಪಂಕ್ತಿಯಲ್ಲಿ ಕೂರಿಸಿದ ಹಾಗೆ ಒಂದೊಂದಾಗಿ ನುಂಗುತ್ತದೆ. ಮೊದಲು ಕೆಂಪು ದಾರ ಕಂದಾಯಿತು, ಇನ್ನೂ ಕೆಳಗೆ ಕಪ್ಪಾಯಿತು. ಸಮುದ್ರದಲ್ಲಾದರೆ ನೀಲಿ ಕೊನೆಯವರೆಗೂ ಉಳಿಯಬೇಕಿತ್ತು. ಇಲ್ಲಿ ಪಾಚಿ, ಎಲೆ, ಮಣ್ಣು ಕಲೆತ ನೀರು ನೀಲಿಯನ್ನೂ ಬಿಡಲಿಲ್ಲ. ಕೊನೆಗೆ ಉಳಿದದ್ದು ಹಸಿರು. ಬಿಳಿ ದಾರವೂ ಹಸಿರು. ರಸಬಾಳೆ ಕಾಯಾಗಿ ಮರಕ್ಕೆ ವಾಪಸು ಹೋದಂತಿತ್ತು.

ಆಗ ಗಾಜಿನ ಗುಟ್ಟು ತಿಳಿಯಿತು. ಫಿಲ್ಟರ್ ಬಣ್ಣ ಕೊಡುವುದಿಲ್ಲ, ಹೆಚ್ಚಾಗಿರುವ ಬಣ್ಣವನ್ನು ಬಾಗಿಲಲ್ಲಿ ತಡೆಯುತ್ತದೆ. ನೀಲಿ ಹೆಚ್ಚಾದ ಸಮುದ್ರಕ್ಕೆ ಕೆಂಪು ಗಾಜು, ಹಸಿರು ಹೆಚ್ಚಾದ ಹೊಳೆಗೆ ರಾಣಿ ಬಣ್ಣದ ಗಾಜು. ಈಗ ರತ್ನಳಿಗೂ ಇದನ್ನೇ ಚೀಟಿಯಲ್ಲಿ ಬರೆದು ಡಬ್ಬಿಯಲ್ಲಿಟ್ಟಿದ್ದೇನೆ: ನಿನಗೆ ಕೆಂಪು.

ಚಿತ್ರದ ಕೆಲಸ ನನ್ನದಾದರೂ ಮುಳುಗುವವನು ಮಾವನ ಮಗ ಸಿದ್ದರಾಜು. ನರಸೀಪುರದಲ್ಲಿ ಗೂಡ್ಸ್ ಆಟೋ ಓಡಿಸುತ್ತಾನೆ, ನನಗಿಂತ ಎರಡು ವರ್ಷ ಚಿಕ್ಕವನು. ಕಲ್ಲು ಕಟ್ಟಿದ ಹಗ್ಗವನ್ನು ಮಡುವಿಗೆ ಇಳಿಬಿಟ್ಟು, ಆ ಹಗ್ಗ ಹಿಡಿದು ಇಳಿಯುತ್ತಿದ್ದ. ಕಣ್ಣಿಗೆ ಹಾಕುವ ಕನ್ನಡಕವೂ ಕ್ಯಾಮೆರಾದ ಗೂಡೂ ಮಂಜು ಹಿಡಿಯದಿರಲೆಂದು ಟೂತ್‌ಪೇಸ್ಟು ತಿಕ್ಕುತ್ತಿದ್ದ. ಕನ್ನಡಕ ಹಾಕಿದರೂ ಆ ಆಳದಲ್ಲಿ ಅವನಿಗೆ ಕಂಡದ್ದು ಹಸಿರು ಮಬ್ಬು ಮಾತ್ರ. ಡಿಸೆಂಬರ್ ಮೂರನೇ ಭಾನುವಾರ ಅವನು ರಾಣಿ ಬಣ್ಣದ ಗಾಜು ಹಾಕಿದ ಕ್ಯಾಮೆರಾವನ್ನು ಬಸವನ ಮಡುವಿಗೆ ಮೊದಲ ಸಲ ಒಯ್ದ. ಮೇಲೆ ಬಂದು ಇಬ್ಬರೂ ಮೊಬೈಲಿಗೆ ಟವೆಲ್ಲು ಮರೆಮಾಡಿ ನೋಡಿದೆವು. ಕತ್ತಲು, ಕತ್ತಲು, ಮತ್ತೆ ಕತ್ತಲು. ಆಮೇಲೆ ಆ ಕತ್ತಲೊಳಗಿಂದ ಒಂದು ದೊಡ್ಡ ಹಿಣಿಲು ಎದ್ದಿತು. ಅದರ ಹಿಂದೆ ಇಳಿಜಾರು ಬೆನ್ನು. ಮುಂದೆ ಬಗ್ಗಿದ ಕತ್ತು, ಕೊಂಬಿನಂಥ ಎರಡು ಗೆರೆ.

"ಬಸವ!" ಅಂತ ಸಿದ್ದ ಕೂಗಿಕೊಂಡ. "ಅಕ್ಕ, ಬಸವ ಕಣಕ್ಕ! ಕೊಡು ಫೋನು, ಅಪ್ಪನಿಗೆ ತೋರಿಸ್ತೀನಿ."

ನಾನು ಕೊಡಲಿಲ್ಲ. ನನಗೂ ಬಸವನೇ ಕಂಡಿದ್ದ, ಆದರೆ ದೀಪದ ಪೆಟ್ಟಿಗೆಯ ಮುಂದೆ ಕೂತು ಕೂತು ಬಂದ ಬುದ್ಧಿ ಸುಮ್ಮನಿರಲಿಲ್ಲ. ಚಿತ್ರ ಪೂರ್ತಿ ರವೆ ಚೆಲ್ಲಿದ ಹಾಗೆ ಕಾಳುಕಾಳು. ಫಿಲ್ಟರ್ ಹಸಿರನ್ನು ತಡೆಯುವಾಗ ಬೆಳಕನ್ನೂ ಅರ್ಧ ತಿಂದಿತ್ತು. ತನ್ನಿಷ್ಟಕ್ಕೆ ಬಿಟ್ಟಿದ್ದ ಕ್ಯಾಮೆರಾ ಕತ್ತಲಲ್ಲಿ ಕಣ್ಣರಳಿಸಿ ಅರಳಿಸಿ ಇಲ್ಲದ್ದನ್ನೂ ಎಳೆದು ತಂದಿತ್ತು. ಅದೂ ಅಲ್ಲದೆ ಅಗಲ ಕೋನದಲ್ಲಿ ಇಟ್ಟಿದ್ದೆ. ಅಗಲ ಕೋನದಲ್ಲಿ ಹತ್ತಿರದ್ದು ಉಬ್ಬುತ್ತದೆ, ಅಂಚಿನದು ಬಾಗುತ್ತದೆ. ಹಾಗಿದ್ದರೆ ಆ ಹಿಣಿಲು ಎಷ್ಟು ಕಲ್ಲಿನದು, ಎಷ್ಟು ಕ್ಯಾಮೆರಾದ್ದು?

"ಇದು ಪಾಸ್ ಆಗಲ್ಲ ಸಿದ್ದ. ಇನ್ನೊಂದು ಸಲ ತೆಗೆಯೋಣ."

"ನಿಂದೊಳ್ಳೆ ಕತೆ. ದೇವರು ಬಂದು ಮುಂದೆ ನಿಂತ್ರೂ ಶೇಡ್ ಕಾರ್ಡ್ ಇಡಿಯೋಳು ನೀನು."

ಜಗುಲಿಯಲ್ಲಿ ಮಾವ ಕಾಯುತ್ತಿದ್ದ. "ಕಂಡ್ನಾ?" ಅಂದ.

"ಸರಿಯಾಗಿ ಬಂದಿಲ್ಲ ಮಾವ. ಇನ್ನೂ ಒಂದು ವಾರ."

"ನಿಧಾನಕ್ ಮಾಡು. ಫೆಬ್ರವರಿವರ್ಗೂ ಎಲ್ಲೂ ಓಗಲ್ಲ ಅವನು" ಅಂದು ನಕ್ಕ. ಆದರೆ ಕಣ್ಣು ನನ್ನ ಕೈಯಲ್ಲಿದ್ದ ಫೋನಿನ ಮೇಲೇ ಇತ್ತು.

ಆಮೇಲಿನ ವಾರಗಳೆಲ್ಲ ಒಂದೊಂದು ಸೆಟ್ಟಿಂಗ್ ಬದಲಿಸಿ ನೋಡುವುದರಲ್ಲಿ ಹೋದವು. ಒಂದು ಸಲಕ್ಕೆ ಒಂದೇ ಬದಲಾವಣೆ, ಇಲ್ಲದಿದ್ದರೆ ಯಾವುದರಿಂದ ಏನಾಯಿತು ತಿಳಿಯುವುದಿಲ್ಲ. ಸೆಕೆಂಡಿಗೆ ಅರವತ್ತು ಚಿತ್ರದ ಬದಲು ಮೂವತ್ತು ಮಾಡಿದೆ, ಒಂದೊಂದು ಚಿತ್ರಕ್ಕೂ ಬೆಳಕು ಕುಡಿಯಲು ಹೊತ್ತು ಸಿಕ್ಕಿತು. ಐಎಸ್‌ಓ ಅನ್ನುವ ಕಣ್ಣರಳಿಸುವ ಸಂಖ್ಯೆಗೆ ನಾನೂರರಲ್ಲಿ ಕಡಿವಾಣ ಹಾಕಿದೆ, ರವೆ ಕಡಿಮೆಯಾಯಿತು. ಅಗಲ ಕೋನ ಬಿಟ್ಟು ನೇರ ಕೋನಕ್ಕೆ ತಂದೆ. ಯಾವುದು ಬಿಳಿ ಅನ್ನುವುದನ್ನು ಕ್ಯಾಮೆರಾದ ಇಷ್ಟಕ್ಕೆ ಬಿಟ್ಟರೆ ಒಂದು ಮೀನು ಅಡ್ಡ ಬಂದರೂ ಅದು ಮನಸ್ಸು ಬದಲಾಯಿಸುತ್ತಿತ್ತು. ಬಿಳಿ ದಾರ ಬಿಳಿಯಾಗಿ ಕಾಣುವವರೆಗೂ ಸಂಖ್ಯೆ ತಿರುಗಿಸಿ ಅಲ್ಲೇ ಬೀಗ ಹಾಕಿದೆ. ಎಲ್ಲ ಆದ ಮೇಲೆ ಎರಡೂ ಗಾಜು ತೆಗೆದಿಟ್ಟೆ. ಇಷ್ಟು ಕಡಿಮೆ ಬೆಳಕಿನ ನೀರಿನಲ್ಲಿ ಯಾವ ಗಾಜೂ ಬೇಡ. ಸೂರ್ಯ ನೆತ್ತಿಗೆ ಬಂದಾಗ ಇಳಿಯಬೇಕು, ಕೈಯಳತೆ ಹತ್ತಿರ ಹೋಗಬೇಕು. ನಡುವೆ ನೀರು ಕಡಿಮೆಯಾದಷ್ಟೂ ಬಣ್ಣ ಹೆಚ್ಚು. ಇಷ್ಟೆಲ್ಲ ಗಾಜು, ಸಂಖ್ಯೆ ಸುತ್ತಿ ನಾನು ಬಂದು ನಿಂತದ್ದು ಅಲ್ಲಿಗೆ.

ಸಂಕ್ರಾಂತಿಯ ದಿನ ಎಲ್ಲ ಸಿದ್ಧವಾಗಿತ್ತು. ನೀರೂ ಆ ಮಾಗಿಯಲ್ಲೇ ಅತಿ ತಿಳಿಯಾಗಿತ್ತು. ಊರವರು ದನಕರು ತೊಳೆಯಲು ಮೇಲಿನ ಕಡವಿಗೆ ಹೊಡೆದುಕೊಂಡು ಬಂದಿದ್ದರು. ಕೊಂಬಿಗೆ ಬಣ್ಣ ಬಳಿದು, ಮೈಗೆ ಅರಿಸಿನ ಹಚ್ಚಿ, ಸಂಜೆ ಕಿಚ್ಚು ಹಾಯಿಸುವ ಸಡಗರ. ನಾನು ದಡದಲ್ಲಿ ಬ್ಯಾಟರಿ ಹಾಕುತ್ತಿದ್ದೆ. ಸಿದ್ದ ಒಂದು ಸಲ ಮುಳುಗಿ, ಎದ್ದು, ಮತ್ತೆ ಮುಳುಗಿ, ಎದ್ದ. ಕ್ಯಾಮೆರಾ ಇನ್ನೂ ನನ್ನ ಕೈಯಲ್ಲೇ ಇತ್ತು.

"ಏನೋ ಮಾಡ್ತಿದೀಯ?"

"ಬಂದೆ ಇರಕ್ಕ." ಅವನ ಕೈಯಲ್ಲಿ ತೆಂಗಿನ ನಾರಿನ ಉಂಡೆ. "ಅಬ್ಬದ ದಿನ ಎಲ್ರ ದನಾನೂ ಮೈ ತೊಳ್ಕಂಡವೆ. ನಮ್ ಬಸವ ಒಬ್ನೇ ಪಾಚಿ ಕಟ್ಕಂಡು ಮಲಗಿರಬೇಕಾ? ಫೋಟೋಗೆ ಬೇರೆ ಕೂರ್ತಾನೆ. ಚೆನ್ನಾಗಿ ಉಜ್ದೆ."

ಮಡುವಿನ ಮೇಲೆ ಹಾಲು ಒಡೆದಂತೆ ಮಣ್ಣು, ಪಾಚಿಯ ಚೂರು ಸುರುಳಿಸುರುಳಿಯಾಗಿ ಏಳುತ್ತಿತ್ತು. ಬೈಯಲು ಬಾಯಿ ತೆರೆದೆ. ಹಬ್ಬದ ದಿನ ಬಸವನ ಮೈ ತೊಳೆದವನಿಗೆ ಏನಂತ ಬೈಯುವುದು? ಆದರೂ ಟಾರ್ಚು ಹಚ್ಚಿ ಒಂದು ಸಲ ತೆಗೆದೆವು. ಮಳೆಯಲ್ಲಿ ಲಾರಿಯ ದೀಪದ ಮುಂದೆ ಹನಿ ಮಿಂಚುವ ಹಾಗೆ ಒಂದೊಂದು ಕಣವೂ ಮಿಂಚಿ ಪರದೆ ಕಟ್ಟಿತು. ಕಲ್ಲು ಕಾಣಲೇ ಇಲ್ಲ. ಅದರ ಮುಂದಿನ ವಾರ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರು, ಹೊಳೆ ಕದಡಿತು. ಜನವರಿಯ ಕೊನೆಯ ಭಾನುವಾರ ಮಾತ್ರ ಉಳಿಯಿತು. ದಡದಲ್ಲಿ ಜಾಕ್‌ವೆಲ್ಲಿನ ಜಲ್ಲಿ ಕಲ್ಲು ಆಗಲೇ ರಾಶಿ ಬಿದ್ದಿತ್ತು.

ಆ ಭಾನುವಾರ ಹೊಳೆ ನಮ್ಮ ಕೈ ಹಿಡಿಯಿತು. ನಡುಮಧ್ಯಾಹ್ನ, ಗಾಳಿಯಿಲ್ಲ, ನೀರು ತಿಳಿ. ಗಾಜಿಲ್ಲ. ಟಾರ್ಚನ್ನು ಕ್ಯಾಮೆರಾದ ಪಕ್ಕ ಹಿಡಿಯದೆ ಕೈ ಚಾಚಿ ಓರೆಯಿಂದ ಹಿಡಿಯಲು ಸಿದ್ದನಿಗೆ ಹೇಳಿದ್ದೆ, ಆಗ ಕಣ ಮಿಂಚುವುದಿಲ್ಲ, ಕಲ್ಲಿನ ಏರುತಗ್ಗು ಮಾತ್ರ ನೆರಳು ಬಿಡುತ್ತದೆ. ಅವನು ಮೂರು ಸಲ ಇಳಿದ. ಮತ್ತೆ ಟವೆಲ್ಲಿನ ಮರೆಯಲ್ಲಿ ಕೂತೆವು.

ಕ್ಯಾಮೆರಾದ ಮುಂದೆ ಕಟ್ಟಿದ್ದ ಬಿಳಿ ದಾರ ಬಿಳಿಯಾಗಿತ್ತು. ಕೆಂಪು ದಾರ ಕೆಂಪಾಗಿತ್ತು. ನನ್ನ ಜೀವಮಾನದಲ್ಲಿ ಅಷ್ಟು ಸರಿಯಾದ ಬಣ್ಣ ನಾನು ತೆಗೆದಿಲ್ಲ. ದಾರಗಳ ಆಚೆ ಒಂದು ಬಂಡೆ ಮಲಗಿತ್ತು. ಬರೀ ಬಂಡೆ. ಹೊಳೆ ಉರುಳಿಸಿ ತಂದ ಒರಟು ಕಲ್ಲು, ಒಂದು ಕಡೆ ಉಬ್ಬು, ಅಡ್ಡಡ್ಡ ಎರಡು ಬಿರುಕು. ಅವೇ ಹಿಂದಿನ ವಿಡಿಯೋದ ಕೊಂಬುಗಳು. ಎಲ್ಲೂ ಉಳಿಯ ಗುರುತಿಲ್ಲ. ತಲೆ ಯಾವುದು, ಬಾಲ ಯಾವುದು ಅಂತ ಮತ್ತೆ ಮತ್ತೆ ಹುಡುಕಿದೆ. ತಿಳಿಯಲಿಲ್ಲ.

ಸಿದ್ದ ತಾನೇ ಫೋನು ತಗೊಂಡು ಹಿಂದಕ್ಕೆ ಸರಿಸಿ ಮತ್ತೆ ನೋಡಿದ. ಆಮೇಲೆ ಮೆಲ್ಲಗೆ, "ಅಕ್ಕ, ಹಳೇದೇ ತೋರಿಸಿಬಿಡು" ಅಂದ. "ಅದ್ರಲ್ಲಿ ಬಸವ ಅವನೆ. ಇನ್ನೊಂದು ವಾರಕ್ಕೆ ಕಾಂಕ್ರೀಟು ಬೀಳ್ತದೆ. ಯಾರ್ ಬಂದು ಕೇಳ್ತಾರೆ?"

ಅವನು ಹೇಳಿದ್ದು ನಿಜ. ಇನ್ನು ಮುಂದೆ ಯಾರೂ ಪರೀಕ್ಷೆ ಮಾಡಲಾರರು. ಲಾಟು ವಾಪಸು ಬರುವ ಭಯವಿಲ್ಲ. ಎರಡೂ ವಿಡಿಯೋ ಅದೇ ಕಲ್ಲಿನದು, ಅದೇ ಕ್ಯಾಮೆರಾದ್ದು. ನಡುವೆ ಇದ್ದದ್ದು ನನ್ನ ಸೆಟ್ಟಿಂಗ್ ಮಾತ್ರ. ಗೂಡಿಗೆ ಎಣ್ಣೆ ಸವರುವಾಗ ಅಪ್ಪ ಕೇಳಿದ್ದು ಏನು ಅಂತ ಆಗ ಅರ್ಥವಾಯಿತು. ದಡದಿಂದ ಮನೆಗೆ ಹೋಗುವ ದಾರಿಯಲ್ಲಿ ಎರಡು ಸಲ ಹಳೆಯದನ್ನು ತೆರೆದಿಟ್ಟುಕೊಂಡೆ, ಎರಡು ಸಲ ಮುಚ್ಚಿದೆ. ಕೊನೆಗೆ ಒಂದೇ ಯೋಚನೆ ನಿಂತಿತು: ಆ ಕಲ್ಲನ್ನು ನಾನು ಒಂದೂವರೆ ತಿಂಗಳಿಂದ ನೋಡುತ್ತಿದ್ದೇನೆ, ಮಾವ ಮೂವತ್ತು ವರ್ಷದಿಂದ ಮುಟ್ಟಿದ್ದಾನೆ. ಸುಳ್ಳು ಕಲ್ಲು ತೋರಿಸಿದರೆ ಅವನ ಕೈಗೆ ಗೊತ್ತಾಗುತ್ತದೆ.

ಜಗುಲಿಯ ಮೇಲೆ ಮಾವನ ಪಕ್ಕ ಕೂತು ಹೊಸದನ್ನೇ ಹಾಕಿದೆ. ಅತ್ತೆ ಬಾಗಿಲಿಗೆ ಬಂದು ನಿಂತಳು. ಸಿದ್ದ ಅಂಗಳದಲ್ಲಿ ಹಗ್ಗ ಸುತ್ತುವ ನೆಪದಲ್ಲಿ ಬೆನ್ನು ತಿರುಗಿಸಿಕೊಂಡ.

ಮಾವ ಫೋನನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದ. ಒಂದು ಸಲ ಪೂರ್ತಿ ಓಡಿತು. "ಇನ್ನೊಂದ್ ಸಲ ಆಕು" ಅಂದ. ಹಾಕಿದೆ.

"ಬಂಡೆ" ಅಂದ.

"ಹೌದು ಮಾವ."

"ಮೂವತ್ ವರ್ಸ ಒಂದು ಬಂಡೆಗೆ ಕೈ ಮುಗ್ದೆ ಅನ್ನು." ನಗಲು ನೋಡಿದ, ಆಗಲಿಲ್ಲ. ಹೆಬ್ಬೆರಳು ಪರದೆಯ ಮೇಲೆ ತಾನಾಗಿ ಆಡುತ್ತಿತ್ತು. ಮೂರನೆಯ ಸಲ ಓಡುವಾಗ ಮಾವ ತಟ್ಟನೆ, "ನಿಲ್ಸು ನಿಲ್ಸು, ಇಂದಕ್ಕೆ ಓಗು" ಅಂದ.

ಸಿದ್ದ ಪಾಚಿ ಉಜ್ಜಿ ತೆಗೆದಿದ್ದರಿಂದ ಕಲ್ಲಿನ ಮೈಯೆಲ್ಲ ಬಿಚ್ಚಿಕೊಂಡಿತ್ತು. ಪೂರ್ತಿ ಒರಟು, ಟಾರ್ಚಿನ ಓರೆ ಬೆಳಕಿನಲ್ಲಿ ಒಂದೊಂದು ಹರಳೂ ನೆರಳು ಬಿಟ್ಟಿತ್ತು. ಉಬ್ಬಿನ ಮೇಲೆ ಒಂದು ಕಡೆ ಮಾತ್ರ ನೆರಳಿರಲಿಲ್ಲ. ಅಂಗೈಯಷ್ಟು ಜಾಗ, ಹಳೆಯ ಒರಳಿನ ಅಂಚಿನಂತೆ ನುಣುಪಾಗಿ ಸವೆದು ಹೊಳೆಯುತ್ತಿತ್ತು. ಬಣ್ಣ ನೋಡುವ ಭರದಲ್ಲಿ ನಾನು ಅದನ್ನು ನೋಡಿರಲಿಲ್ಲ.

ಮಾವ ಫೋನನ್ನು ತೊಡೆಯ ಮೇಲಿಟ್ಟು ತನ್ನ ಎಡಗೈ ಬಿಚ್ಚಿ ನೋಡಿಕೊಂಡ.

"ನಂದೊಬ್ಬಂದೇ ಅಲ್ಲ" ಅಂದ. "ಒಬ್ನ ಕೈಗೆ ಇಷ್ಟು ಸವೆಯಲ್ಲ ಕಲ್ಲು. ನಮ್ಮಪ್ಪಂದು. ನಮ್ ತಾತಂದು. ಅವ್ರ್ ಇಂದಿನೋರ್ದು." ಆಮೇಲೆ ಅತ್ತೆಯ ಕಡೆ ತಿರುಗಿ, "ನೋಡ್ದಾ? ಮಕ ಇಲ್ಲ ಅಲ್ಲಿ. ಕೈ ಅದೆ" ಅಂದ.

ಅತ್ತೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು, "ನೋಡ್ದೆ ಬುಡು, ಕಾಫಿ ಆರೋಯ್ತದೆ" ಅಂದಳು. ಕಾಫಿ ಇನ್ನೂ ಮಾಡಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಮಾವ ನನ್ನ ಕಡೆ ನೋಡಿದ. "ನಿಂಗೆ ಈಜು ಬತ್ತದಲ್ವಾ?"

"ಬರುತ್ತೆ." ದೇವನೂರಿನ ಬಾವಿಯಲ್ಲಿ ಅಪ್ಪನೇ ಕಲಿಸಿದ್ದ.

"ನೀನು ನೋಡ್ದೆ ಅಷ್ಟೇಯ. ಮುಟ್ಟಿಲ್ಲ. ಒತ್ತಿಳಿಯೋಕ್ ಮುಂಚೆ ಓಗಿ ಮುಟ್ಟಿ ಬಾ. ಸಿದ್ದ ಜೊತೇಲಿ ಇರ್ಲಿ. ಆ ಮಿಸಿನ್ನು ಇಲ್ಲೇ ಬುಡು. ಕಣ್ಣು ಮುಚ್ಕೊ."

ಮಾವನೂ ದಡದವರೆಗೆ ಬಂದ, ಕಿವಿಯ ಹತ್ತಿಯ ಮೇಲೆ ಟವೆಲ್ಲು ಸುತ್ತಿಕೊಂಡು. ನಾನು ಚೂಡಿದಾರದಲ್ಲೇ ಇಳಿದೆ. ಜನವರಿಯ ನೀರು ಪಕ್ಕೆಯೊಳಗೆ ಮುಳ್ಳಿನಂತೆ ಚುಚ್ಚಿತು. ಹಗ್ಗ ಹಿಡಿದು ಉಸಿರೆಳೆದು ಮುಳುಗಿದೆ. ಸಿದ್ದ ನನ್ನ ತೋಳು ಹಿಡಿದು ಕೆಳಗೆಳೆದ. ಕಿವಿ ಒತ್ತಿತು. ಕಣ್ಣು ಬಿಡಬೇಕೆಂದು ಒಂದು ಕ್ಷಣ ಆಸೆಯಾಯಿತು, ಬಿಡಲಿಲ್ಲ. ಎಡಗೈ ಚಾಚಿದೆ. ಒರಟು ತಗುಲಿತು, ಸರಿಯಿತು, ಆಮೇಲೆ ಒಮ್ಮೆಗೇ ನುಣುಪು. ಕೈ ತಾನಾಗಿ ಅಲ್ಲಿ ಕೂತಿತು. ಹೊಳೆ ಮೈಯನ್ನು ಕೆಳಹೊಳೆ ಕಡೆಗೆ ತಳ್ಳುತ್ತಿತ್ತು, ಕೈ ಬಿಡಲಿಲ್ಲ. ಬೆರಳ ಮುಂದೆ ಕತ್ತು ಇಳಿಯಿತು. ಮಣಿಕಟ್ಟಿನ ಹಿಂದೆ ಬೆನ್ನು, ಉದ್ದಕ್ಕೆ, ಇಳಿಜಾರಾಗಿ, ದಿನವಿಡೀ ಉತ್ತು ಬಂದು ಮಲಗಿದ ಎತ್ತಿನ ಬೆನ್ನು.

ಮೇಲೆ ಎದ್ದಾಗ ಹಲ್ಲು ಕಟಕಟ ಅನ್ನುತ್ತಿತ್ತು. ದಡದಿಂದ ಮಾವ ಎರಡೂ ಕೈ ಬಾಯಿಗೆ ಹಿಡಿದು ಕೂಗಿದ:

"ತಲೆ ಯಾವ್ ಕಡಿಕೆ?"

ನಾನು ಏನು ಹೇಳಿದರೂ ಅವನ ಕಿವಿಗೆ ಮುಟ್ಟುತ್ತಿರಲಿಲ್ಲ. ನೀರಿನಿಂದ ಎಡಗೈ ಎತ್ತಿ, ಯೋಚನೆ ಮಾಡದೆ, ಮೇಲ್ಹೊಳೆಯ ಕಡೆ ತೋರಿಸಿದೆ.